ಮಣ್ಣೊಳಗಿನ ಸಾಲು

ಯಾವ ಕಾಲದ ಮಾತು ಅಂತ ಕೇಳಬೇಡಿ. ಆ ಕಾಲದಲ್ಲೂ ಜನ ಜಗುಲಿ ಮೇಲೆ ಕೂತು, ವೀಳ್ಯದೆಲೆಗೆ ಸುಣ್ಣ ಸವರಿಕೊಂಡು, ಹಿಂದಿನ ಕಾಲವೇ ಚೆನ್ನಾಗಿತ್ತು ಅನ್ನುತ್ತಿದ್ದರು. ಅಷ್ಟು ತಿಳಿದರೆ ಸಾಕು.

ಒಂದು ಹೊಳೆ. ಹೊಳೆ ದಂಡೆಯಲ್ಲಿ ಹುಲ್ಲು ಹೊದಿಸಿದ ನಾಲ್ಕು ಗುಡಿಸಲು. ಅದೇ ಆಶ್ರಮ. ಅಲ್ಲಿಯ ಗುರು ಒಬ್ಬ ಮುದುಕಿ. ಹೆಸರು ಶಾಂತವ್ವ. ಹೆಸರಿಟ್ಟವರು ಅವಳ ಬಾಯಿ ಕೇಳಿರಲಿಲ್ಲ, ಅಷ್ಟೆ.

ಶಾಂತವ್ವ ಎರಡು ವಿದ್ಯೆ ಕಲಿಸುತ್ತಿದ್ದಳು. ಒಂದು ಹಾಡು. ಇನ್ನೊಂದು, ಕಲ್ಲಿನ ಮೇಲಿನ ಹಳೆಯ ಅಕ್ಷರ ಓದುವುದು.

ಕಲಿಯಲು ಬಂದವರು ಹನ್ನೆರಡು ಜನ. ಅಷ್ಟು ಹೊಟ್ಟೆಗೂ ಅನ್ನ ಹಾಕುತ್ತಿದ್ದದ್ದು ಪಕ್ಕದ ಒಂದೇ ಒಂದು ಗದ್ದೆ. ಅದಕ್ಕೆ ಹಾಡಿನ ಗದ್ದೆ ಅಂತ ಹೆಸರು. ನಾಟಿ ಮಾಡುವಾಗ ಹೆಂಗಸರು ಹಾಡುತ್ತಾರಲ್ಲ, ಅದಕ್ಕೆ ಆ ಹೆಸರು ಬಂತು ಅಂತ ಊರವರು ತಿಳಿದಿದ್ದರು. ಅದಲ್ಲ. ಬಹಳ ಹಿಂದೆ ಯಾರೋ ಪುಣ್ಯಾತ್ಮರು ಆ ಗದ್ದೆಯನ್ನು ಹಾಡು ಕಲಿಯುವವರ ಊಟಕ್ಕೆ ಅಂತ ಬಿಟ್ಟುಕೊಟ್ಟಿದ್ದರು. ಗದ್ದೆಯ ಬದುವಿನ ಮೇಲೆ ನಿಂತಿದ್ದ ಒಂದು ಶಾಸನದ ಕಲ್ಲು ಹಾಗಂತ ಹೇಳುತ್ತಿತ್ತು.

ಆ ಕಲ್ಲು ಅಂದರೆ ಕೇತಯ್ಯನಿಗೆ ಪ್ರಾಣ.

ಕೇತಯ್ಯ ಶಿಷ್ಯರಲ್ಲೆಲ್ಲ ಹಿರಿಯ. ಎಂಟು ವರ್ಷದಿಂದ ಅಲ್ಲಿದ್ದ. ಬೆಳಿಗ್ಗೆ ಎದ್ದರೆ ಮೊದಲು ಆ ಕಲ್ಲಿನ ಮುಖ ನೋಡುವನು, ಆಮೇಲೆ ಹೊಳೆಯಲ್ಲಿ ತನ್ನ ಮುಖ ತೊಳೆಯುವನು.

ಕಲ್ಲಿನಲ್ಲಿ ಏನಿತ್ತು? ಅದನ್ನು ಕೆತ್ತಿದಾಗ ನಾಡನ್ನು ಆಳುತ್ತಿದ್ದ ಅರಸನ ಕಾಲ ಚಿನ್ನದ ಕಾಲ ಅಂತ ಇತ್ತು. ನಾಡಿನಲ್ಲಿ ಕಳ್ಳರಿಲ್ಲ, ಸುಳ್ಳರಿಲ್ಲ. ಹಾಡುವವರ ಮನೆ ಬಾಗಿಲಿಗೆ ಅರಮನೆಯ ಆನೆ ಬಂದು ನಿಲ್ಲುತ್ತದೆ. ತೋಟದ ಗಿಳಿ ಕೂಡ ರಾಗ ತಪ್ಪುವುದಿಲ್ಲ.

ಕೇತಯ್ಯ ಇದನ್ನು ಬಾಯಿಪಾಠ ಮಾಡಿಕೊಂಡು ಊರೂರಿಗೆ ಹೋಗಿ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬುತ್ತಿತ್ತು. ಆಶ್ರಮಕ್ಕೆ ಬಂದಮೇಲೆ ಸಿಟ್ಟು ಬರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ, ‘ಸುವರ್ಣಯುಗದಲ್ಲಿ ಹೀಗಿರಲಿಲ್ಲ’ ಅಂತ ತಟ್ಟೆ ಸರಿಸುವನು.

ಒಂದು ದಿನ ಅವನು ಊರೊಳಗಿಂದ ಓಡಿಬಂದ. ಬಂದವನೇ ಹೆಗಲ ಮೇಲಿನ ಚೀಲ ಎತ್ತಿ ನೆಲಕ್ಕೆ ಒಗೆದ.

“ಅವ್ವಾ, ಕೇಳಿದಿರಾ? ಆ ಪಟೇಲ ದ್ಯಾವಪ್ಪ ಹೋದ ವರ್ಷ ಬದು ಒತ್ತಿ ಅರ್ಧ ಗದ್ದೆ ನುಂಗಿದ. ಈಗ ಇಡೀ ಗದ್ದೆಗೇ ನೇಗಿಲು ಹೂಡ್ತಾನಂತೆ!”

ಶಾಂತವ್ವ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

“ಯಾವಾಗ?”

“ನಾಳೆ ಚಾವಡಿಯಲ್ಲಿ ಊರವರನ್ನ ಸೇರಿಸಿ ಒಂದು ಮಾತು ಹೇಳ್ತಾನಂತೆ. ಹೇಳಿ ಉಳ್ತಾನಂತೆ. ಏನಂದ ಗೊತ್ತಾ? ಹಾಡೋದಕ್ಕೆ ಗದ್ದೆ ಯಾಕೆ, ಬಾಯಿದ್ದರೆ ಸಾಕು ಅಂದ!”

“ಹೂಂ. ನೀನೇನಂದೆ?”

“ನಾನೇನನ್ನಲಿ?” ಕೇತಯ್ಯ ಒಗ್ಗರಣೆಗೆ ಬಿದ್ದ ಸಾಸಿವೆ ಹಾಗೆ ಸಿಡಿದ. “ಎಂಥಾ ಕಾಲ ಬಂತವ್ವ! ಹಾಡಿನವರ ಅನ್ನಕ್ಕೇ ಕೈ ಹಾಕೋ ಕಾಲ! ಆಗಿನವರು ಕೊಟ್ಟರು, ಈಗಿನವರು ಕಿತ್ಕೊಳ್ತಾರೆ. ಆಗಿನವರು ಮನುಷ್ಯರು. ಇವರು? ಥೂ!”

“ಉಗುಳಬೇಡ, ಸೊಪ್ಪಿದೆ.”

“ನಾನು ಹೊರಟೆ ಅವ್ವ.”

ಆಗ ಶಾಂತವ್ವ ತಲೆ ಎತ್ತಿದಳು.

“ಎಲ್ಲಿಗೆ?”

“ಎಲ್ಲಾದರೂ. ಹಾಳುಬಿದ್ದ ಗುಡಿ ಇರೋ ಕಡೆ. ಹಳೇ ಕಲ್ಲುಗಳ ಜತೆ ಇದ್ದುಬಿಡ್ತೀನಿ. ಕಲ್ಲು ಕದಿಯೋದಿಲ್ಲ, ಕಲ್ಲು ಸುಳ್ಳು ಹೇಳೋದಿಲ್ಲ.”

“ನಾಳೆ ಚಾವಡಿಗೆ ಹೋಗೋರು ಯಾರು?”

“ಹೋಗಿ ಏನು ಮಾಡಲಿ? ಈ ಕಾಲದವರಿಗೆ ಹೇಳಿ ಏನು ಸುಖ? ಅಂಥಾ ಕಾಲ ಹೋಯಿತು. ಇನ್ನು ಬರೋದಿಲ್ಲ.”

ಶಾಂತವ್ವ ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು. ಕೈ ಒರೆಸಿಕೊಂಡಳು. ಅವಳ ಮೂಗಿನ ಹೊಳ್ಳೆ ಅರಳಿತು. ಅದು ಅರಳಿದರೆ ಶಿಷ್ಯರೆಲ್ಲ ಏನೋ ಕೆಲಸ ನೆನಪಾದವರ ಹಾಗೆ ಎದ್ದು ಹೋಗುತ್ತಿದ್ದರು.

“ಕೇತ, ಆ ಕಲ್ಲಿನಲ್ಲಿ ಎಷ್ಟು ಸಾಲಿದೆ?”

“ಹನ್ನೊಂದು.”

“ಎಷ್ಟು?”

“ಹನ್ನೊಂದು ಅವ್ವ. ಎಂಟು ವರ್ಷದಿಂದ ಓದ್ತಿದ್ದೀನಿ.”

“ಎಂಟು ವರ್ಷ ನನ್ನ ಅನ್ನ ತಿಂದು, ಒಂದು ಕಲ್ಲಿನ ಸಾಲು ಎಣಿಸೋದಕ್ಕೆ ಬರಲಿಲ್ಲ ನಿನಗೆ!”

ಅವಳು ಮೂಲೆಯಲ್ಲಿದ್ದ ಹಾರೆ ಎತ್ತಿ ಅವನ ಕಾಲ ಮುಂದೆ ಎಸೆದಳು. ಠಣ್ ಅಂತು. ಎರಡು ಬೆರಳು ಆಚೆ ಬಿದ್ದಿದ್ದರೆ ಕೇತಯ್ಯನ ಹೆಬ್ಬೆಟ್ಟು ಹೋಗುತ್ತಿತ್ತು.

“ಹೋಗು. ಅಗಿ.”

“ಏನನ್ನ ಅಗೀಲಿ?”

“ಕಲ್ಲಿನ ಬುಡ ಅಗಿಯೋ ಮಂಕೇ! ನಿಂತ ಕಲ್ಲು ಅಂದರೆ ನೆಲದ ಮೇಲೆ ಕಾಣೋದಷ್ಟೇ ಅಂದ್ಕೊಂಡೆಯಾ?”

ಕೇತಯ್ಯ ಅಗೆದ. ಅಗೆಯುತ್ತ ಗೊಣಗಿದ. ಇನ್ನೂ ಎರಡು ಸಾಲು ಹೊಗಳಿಕೆ ಇದ್ದೀತು, ಅದನ್ನೂ ಓದಿಕೊಂಡು ಹೊರಟರಾಯಿತು ಅಂದುಕೊಂಡ.

ಮೊಣಕಾಲುದ್ದ ಅಗೆದ. ಅಕ್ಷರ ಕಂಡವು. ತೊಡೆಯುದ್ದ ಅಗೆದ. ಇನ್ನೂ ಅಕ್ಷರ. ನೆಲವೇ ವರ್ಷಕ್ಕಿಷ್ಟು ಏರಿ ಏರಿ ಅರ್ಧ ಕಲ್ಲನ್ನು ಮುಚ್ಚಿಬಿಟ್ಟಿತ್ತು.

ಹೊಳೆಯಿಂದ ನೀರು ತಂದು ತೊಳೆದ. ಅಕ್ಷರ ಎದ್ದು ಕಾಣಲಿ ಅಂತ ಒಂದು ಹಿಡಿ ಅಕ್ಕಿಹಿಟ್ಟು ಉಜ್ಜಿದ. ಗುಂಡಿಯೊಳಗೆ ಕೂತು, ಬೆರಳಿಟ್ಟು ಓದತೊಡಗಿದ.

ಶಾಂತವ್ವ ಕೋಲೂರಿಕೊಂಡು ಬಂದು ಗುಂಡಿಯ ಅಂಚಿನಲ್ಲಿ ನಿಂತಳು.

“ಗಟ್ಟಿಯಾಗಿ ಓದು. ನನಗೂ ಕೇಳಲಿ.”

“ಈ ಗದ್ದೆಯನ್ನು ಕಸಿದವನು... ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು... ಸಾವಿರ ಹಸುಗಳನ್ನು ಕೊಂದ ಪಾಪಕ್ಕೆ ಹೋಗುವನು. ಅವನ ವಂಶ ಹುಳುವಾಗಿ ಹುಟ್ಟುವುದು...” ಕೇತಯ್ಯ ತಲೆ ಎತ್ತಿದ. “ಅವ್ವ, ಇದು ಶಾಪ!”

“ಯಾರಿಗೆ?”

“ಗದ್ದೆ ಕದಿಯೋರಿಗೆ.”

“ಮೂರನೇ ಸಾಲು ಹೇಳು. ಬಾಯಲ್ಲೇ ಇದೆಯಲ್ಲ ನಿನಗೆ.”

“ನಾಡಿನಲ್ಲಿ ಕಳ್ಳರಿಲ್ಲ, ಸುಳ್ಳರಿಲ್ಲ...”

“ಕಳ್ಳರೇ ಇಲ್ಲದ ನಾಡಲ್ಲಿ ಸಾವಿರ ಹಸು ಕೊಂದ ಪಾಪವನ್ನ ಯಾರ ತಲೆಗೆ ಕಟ್ಟಿದರು? ಗಿಳಿಗಳ ತಲೆಗಾ?”

ಕೇತಯ್ಯ ಬಾಯಿ ತೆರೆದ.

“ಮುಚ್ಚು ಬಾಯಿ, ಮಣ್ಣು ಬೀಳುತ್ತೆ. ಮುಂದೆ ಓದು.”

ಮುಂದಿನ ಸಾಲುಗಳನ್ನು ಕೇತಯ್ಯ ತಡವರಿಸಿ ಓದಿದ. ಒಂದು ಸಲ ಓದಿ ನಂಬದೆ ಇನ್ನೊಂದು ಸಲ ಓದಿದ. ಅಲ್ಲಿದ್ದದ್ದು ಇಷ್ಟು. ಊರ ಒಡೆಯ ಎರೆಗಾವುಂಡ ಅನ್ನುವವನು ಈ ಗದ್ದೆಯನ್ನು ಕಿತ್ತುಕೊಂಡ. ಹಾಡುವ ಬಾಚಲೆ ಅನ್ನುವವಳು ಅವನ ಎತ್ತುಗಳ ಮುಂದೆ ಒಂಬತ್ತು ದಿನ ಕೂತಳು. ಬಿಡಿಸಿಕೊಂಡಳು. ಇದಕ್ಕೆ ಊರೇ ಸಾಕ್ಷಿ.

ಕೇತಯ್ಯನ ಮುಖ ಕೆಂಡದ ಹಾಗಾಯಿತು.

“ಅದೇ ಕಾಲದಲ್ಲಾ? ಅದೇ ಅರಸನ ಕಾಲದಲ್ಲಾ?”

“ಅದೇ ಕಲ್ಲು. ಅದೇ ಉಳಿ.”

“ಒಬ್ಬ ಹೆಂಗಸು ಒಂಬತ್ತು ದಿನ ಎತ್ತಿನ ಮುಂದೆ ಕೂತಳಲ್ಲ, ಆಗ ಆ ಅರಸ ಎಲ್ಲಿದ್ದ?”

“ಮೇಲಿನ ಸಾಲಿನಲ್ಲಿದ್ದ.”

ಕೇತಯ್ಯ ಗುಂಡಿಯಲ್ಲೇ ಎದ್ದು ನಿಂತ. ಮೈಯೆಲ್ಲ ಹಿಟ್ಟು, ಮಣ್ಣು. ಈಗ ಅವನ ಸಿಟ್ಟು ಗುರುವಿನ ಕಡೆ ತಿರುಗಿತು.

“ಅವ್ವ, ನಿಮಗೆ ಇದು ಗೊತ್ತಿತ್ತು!”

“ಗೊತ್ತಿತ್ತು.”

“ಎಂಟು ವರ್ಷ! ಊರೂರಲ್ಲಿ ನಿಂತು ಸುವರ್ಣಯುಗ ಸುವರ್ಣಯುಗ ಅಂತ ಬಡ್ಕೊಂಡೆ. ಒಂದು ಮಾತು ಹೇಳಲಿಲ್ಲ ನೀವು!”

“ನನ್ನ ಗುರು ನನ್ನ ಕೈಲೂ ಅಗೆಸಿದ. ಓದಿಸಿ, ಮತ್ತೆ ನನ್ನ ಕೈಯಲ್ಲೇ ಮುಚ್ಚಿಸಿದ. ನಿನಗಿಂತ ಮುಂಚೆ ಇಲ್ಲಿ ಓದಿದವರೆಲ್ಲ ಹಾಗೇ ಅಗೆದವರು. ಅವರೆಲ್ಲ ಒಂದೋ ಎರಡೋ ವರ್ಷಕ್ಕೆ, ಕಲ್ಲಿನ ಬುಡದಲ್ಲಿ ಏನಿದೆ ಅವ್ವ ಅಂತ ಕೇಳಿದರು. ನೀನು ಕೇಳಲಿಲ್ಲ. ನಿನಗೆ ಹನ್ನೊಂದು ಸಾಲೇ ಸಿಹಿಯಾಗಿತ್ತು. ನಾನು ಯಾಕೆ ಹೇಳಲಿ?”

ಆ ಮಾತು ಕೇತಯ್ಯನಿಗೆ ಕಪಾಳಕ್ಕೆ ಬಿದ್ದ ಹಾಗೆ ಬಿತ್ತು. ಹಾರೆ ಕೈಯಲ್ಲೇ ಇತ್ತು. ಯಾರಿಗೆ ಹೊಡೆಯಬೇಕು ಅಂತ ತಿಳಿಯದೆ ನೆಲಕ್ಕೇ ಕುಕ್ಕಿದ.

“ಈಗ ಮುಚ್ಚಲೋ, ಬಿಡಲೋ?”

“ನಾಳೆ ಎಲ್ಲಿಗೆ ಹೋಗ್ತೀಯ ಅದು ಹೇಳು ಮೊದಲು. ಹಾಳುಗುಡಿಗೋ, ಚಾವಡಿಗೋ?”

ಕೇತಯ್ಯ ಹೊಳೆಗೆ ಹೋಗಿ ಮೈ ತೊಳೆದುಕೊಂಡ. ಗುಂಡಿಯನ್ನು ಮುಚ್ಚಲಿಲ್ಲ.

ಮಾರನೇ ದಿನ ಚಾವಡಿಯಲ್ಲಿ ಊರು ಸೇರಿತ್ತು. ಪಟೇಲ ದ್ಯಾವಪ್ಪ ನಡುವೆ ಕೂತಿದ್ದ. ದಪ್ಪ ಮೀಸೆ, ಬೆಣ್ಣೆಯಂಥ ಮಾತು. ಕೇತಯ್ಯನನ್ನು ಕಂಡು ನಕ್ಕ.

“ಬಾ ಕೇತಪ್ಪ, ಬಾ. ಗದ್ದೆ ವಿಚಾರ ತಾನೆ? ಕೂತ್ಕೊ, ಮಜ್ಜಿಗೆ ಕುಡಿ.”

“ಮಜ್ಜಿಗೆ ಬೇಡ. ಆ ಗದ್ದೆ ಹಾಡಿನವರದು. ಕಲ್ಲಿನಲ್ಲಿ ಬರೆದಿದೆ.”

“ಇಲ್ಲ ಅಂದೋರು ಯಾರು?” ಪಟೇಲ ಎರಡೂ ಕೈ ಎತ್ತಿದ. “ಕಲ್ಲು ನಿಜ. ಕೊಟ್ಟದ್ದು ನಿಜ. ಆದರೆ ಅದು ಯಾವ ಕಾಲ? ಸುವರ್ಣಯುಗ. ಹೋದ ಯುಗಾದಿಗೆ ಇದೇ ಕಟ್ಟೆ ಮೇಲೆ ನಿಂತು ಹೇಳಿದೆಯಲ್ಲಪ್ಪ ನೀನೇ. ಆಗಿನವರು ದೇವರಂಥೋರು, ಅಂಥಾ ಕಾಲ ಇನ್ನು ಬರೋದಿಲ್ಲ ಅಂತ. ನನ್ನ ಕಣ್ಣಲ್ಲೂ ನೀರು ಬಂತು. ಬಂತೋ ಇಲ್ಲವೋ, ಹೇಳ್ರಪ್ಪ!”

“ಬಂತು ಬಂತು” ಅಂದರು ಪಕ್ಕದವರು.

“ನೋಡು. ಬರೋದಿಲ್ಲ ಅಂದಮೇಲೆ ಮುಗೀತು. ಆ ಕಾಲದ ಧರ್ಮ ಆ ಕಾಲಕ್ಕೆ. ನಾವು ಈ ಕಾಲದ ಕೆಟ್ಟ ಜನ. ನಮ್ಮ ಕೈಲಿ ಅಷ್ಟೆಲ್ಲ ಒಳ್ಳೇತನ ಆಗೋದಿಲ್ಲಪ್ಪ.”

ಎಲ್ಲರೂ ನಕ್ಕರು. ಕೇತಯ್ಯ ನಗಲಿಲ್ಲ. ತಾನು ಎಂಟು ವರ್ಷ ಕಣ್ಣೀರು ಹಾಕಿ ಹೇಳಿದ ಮಾತು ಈಗ ಕಳ್ಳನ ಬಾಯಲ್ಲಿ, ಅಕ್ಷರ ತಪ್ಪದೆ, ಹೊರಗೆ ಬರುತ್ತಿತ್ತು.

“ಪಟೇಲರೇ, ನಾನು ಹೇಳಿದ್ದು ಸುಳ್ಳು.”

“ಆಂ?”

“ಅರ್ಧ ಕಲ್ಲು ಓದಿ ಹೇಳಿದೆ. ನಿನ್ನೆ ಬುಡ ಅಗೆದೆ. ಆ ಕಾಲದಲ್ಲೂ ಒಬ್ಬ ಇದ್ದ. ಎರೆಗಾವುಂಡ ಅಂತ. ಊರ ಒಡೆಯ. ಇದೇ ಗದ್ದೆ ನುಂಗೋದಕ್ಕೆ ನೇಗಿಲು ಹೂಡಿದ. ಒಬ್ಬಳು ಹಾಡೋ ಹೆಂಗಸು, ಬಾಚಲೆ ಅಂತ, ಅವನ ಎತ್ತಿನ ಮುಂದೆ ಒಂಬತ್ತು ದಿನ ಕೂತು ಬಿಡಿಸಿಕೊಂಡಳು. ಗುಂಡಿ ತೆರೆದೇ ಇದೆ. ಯಾರು ಬೇಕಾದರೂ ಬಂದು ನೋಡಿ.”

ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. ಮಡಕೆ ಮಾರುವ ಚೌಡವ್ವ.

“ಅಂದರೆ ಆಗಲೂ ಒಬ್ಬ ದ್ಯಾವಪ್ಪ ಇದ್ದ ಅನ್ನು!”

ಚಾವಡಿಯೆಲ್ಲ ಗೊಳ್ ಅಂತ ನಕ್ಕಿತು. ಈ ಸಲ ಪಟೇಲ ನಗಲಿಲ್ಲ. ಬೆಣ್ಣೆ ಕರಗಿ ಹೋಯಿತು. ಅವನು ಎದ್ದು ನಿಂತು ಹೆಗಲ ಮೇಲಿನ ವಲ್ಲಿ ಕೊಡವಿದ.

“ಆಗ ಬಾಚಲೆ ಇದ್ದಳು. ಈಗ ಯಾರಿದ್ದಾರೆ ನೋಡೇಬಿಡೋಣ. ನಾಳೆ ಬೆಳಿಗ್ಗೆ ಉಳ್ತೀನಿ. ಯಾರ ತೊಡೆ ಗಟ್ಟಿಯಿದೆಯೋ ಬಂದು ಕೂತ್ಕೊಳ್ಳಿ.”

ಕೇತಯ್ಯ ಸುತ್ತ ನೋಡಿದ. ನಕ್ಕ ಹಿರಿಯರೆಲ್ಲ ಈಗ ತಮ್ಮ ತಮ್ಮ ಕಾಲಿನ ಉಗುರು ನೋಡಿಕೊಳ್ಳುತ್ತಿದ್ದರು.

ಆಶ್ರಮಕ್ಕೆ ಬಂದು ಗುರುವಿನ ಮುಂದೆ ಕುಸಿದು ಕೂತ.

“ಒಬ್ಬರೂ ಬಾಯಿ ಬಿಡಲಿಲ್ಲ ಅವ್ವ. ನಗೋದಕ್ಕೆ ಎಲ್ಲ ಇದ್ದರು.”

“ಬಾಚಲೆ ಕೂತಾಗ ಮೊದಲನೇ ದಿನ ಜತೆಗೆ ಎಷ್ಟು ಜನ ಕೂತರು ಅಂತ ಕಲ್ಲಿನಲ್ಲಿದೆಯಾ?”

“ಇಲ್ಲ.”

“ಬರೆಯೋವಷ್ಟು ಜನ ಇರಲಿಲ್ಲ.”

ಬೆಳಗಾಯಿತು. ಮೊದಲ ಮಳೆ ಬಿದ್ದು ನೆಲ ಹದವಾಗಿತ್ತು. ಕೇತಯ್ಯ ಒಬ್ಬನೇ ಹೋಗಿ ಗದ್ದೆಯ ನಡುವೆ ಕೂತ. ತೊಡೆ ನಡುಗುತ್ತಿದ್ದವು. ತೊಡೆ ನಡುಗುತ್ತಿವೆಯಲ್ಲ ಅಂತ ತನ್ನ ಮೇಲೇ ಅವನಿಗೆ ಸಿಟ್ಟು ಬಂತು.

ಪಟೇಲನ ಆಳು ಮಾಸ್ತಿ ಎತ್ತು ಹೊಡೆದುಕೊಂಡು ಬಂದ. ಸಾಲು ಹಿಡಿದು ಬಂದವನು ಕೇತಯ್ಯನ ಎದುರು ನಿಂತ.

“ಏಳಪ್ಪ. ಎತ್ತಿಗೆ ತಿಳಿಯೋದಿಲ್ಲ, ನಿನಗಾದರೂ ತಿಳಿಯಬೇಕು.”

“ಏಳೋದಿಲ್ಲ ಮಾಸ್ತಿ.”

“ನನ್ನ ಹೊಟ್ಟೆ ಮೇಲೆ ಯಾಕಪ್ಪ ಕೂರ್ತೀಯ? ಪಟೇಲರು ನನ್ನ ಚರ್ಮ ಸುಲೀತಾರೆ.”

“ನನ್ನ ಮೇಲೆ ಹೊಡಿ. ಹೊಡಿ ನೋಡೋಣ.”

ಮಾಸ್ತಿ ಬಾರುಕೋಲು ಎತ್ತಿದ. ಎಡಗಡೆಯ ಎತ್ತು ಮುಂದೆ ಬಂದು, ಕೇತಯ್ಯನ ನೆತ್ತಿಯನ್ನು ಮೂಸಿ, ನಿಂತುಬಿಟ್ಟಿತು. ಎಷ್ಟು ಹೊಡೆದರೂ ಕಾಲೆತ್ತಲಿಲ್ಲ. ಮಾಸ್ತಿ ಬೈಯುತ್ತ ನೇಗಿಲು ಬಿಚ್ಚಿದ. ಎತ್ತನ್ನು ಬೈದನೋ ಪಟೇಲನನ್ನು ಬೈದನೋ ಕೇತಯ್ಯನಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶಾಂತವ್ವ ಬಂದಳು. ಮಂಡಿ ಹಿಡಿದುಕೊಂಡು, ಅಯ್ಯೋ ಅಮ್ಮಾ ಅನ್ನುತ್ತ, ಅವನ ಪಕ್ಕದಲ್ಲಿ ಕೂತಳು.

“ನೀವ್ಯಾಕೆ ಬಂದಿರಿ ಅವ್ವ, ಬಿಸಿಲಲ್ಲಿ?”

“ಪಾಠ ನಿಂತಿದೆ. ನೀನಿಲ್ಲದೆ ಶ್ರುತಿ ಹಿಡಿಯೋರಿಲ್ಲ. ಅದಕ್ಕೆ ಪಾಠವನ್ನೇ ಇಲ್ಲಿಗೆ ತಂದೆ.”

ಹಿಂದೆ ನೋಡಿದರೆ ಹನ್ನೊಂದು ಜನ ಶಿಷ್ಯರೂ ತಂಬೂರಿ, ತಾಳ ಹೊತ್ತುಕೊಂಡು ಬದುವಿನ ಮೇಲೆ ಬರುತ್ತಿದ್ದರು.

ಎರಡನೇ ದಿನ ಪಟೇಲ ಎರಡು ಜೋಡಿ ಎತ್ತು ಕಳಿಸಿದ. ಗದ್ದೆಯಲ್ಲಿ ಹಾಡು ನಡೆದಿತ್ತು. ಶಾಂತವ್ವ ಎತ್ತನ್ನು ತಿರುಗಿಯೂ ನೋಡಲಿಲ್ಲ. “ಏ ನೀಲವ್ವ, ಮೇಲಕ್ಕೆ ಹೋಗುವಾಗ ಶ್ರುತಿ ಬಿಟ್ಟೆ. ಎತ್ತು ಬಂತು ಅಂತ ಸ್ವರ ಓಡಿಹೋಗಬೇಕೇನೇ? ಮತ್ತೆ ಹಾಡು!” ಅಂತ ಗದರಿದಳು. ನೇಗಿಲು ಹಿಡಿದವರು ಸುಮ್ಮನೆ ಮೇಳಿಯ ಹಿಡಿಗೆ ಒರಗಿ ನಿಂತು ಹಾಡು ಕೇಳಿದರು. ಮುಗಿದಮೇಲೆ ಹೋದರು.

ಮೂರನೇ ದಿನ ಚೌಡವ್ವ ಒಂದು ಮಡಕೆ ತುಂಬ ಅಂಬಲಿ ಹೊತ್ತು ತಂದಳು. ಇಟ್ಟು ಹೋಗಲಿಲ್ಲ, ಕೂತಳು. ಅವಳು ಕೂತದ್ದು ನೋಡಿ ಅವಳ ಓರಗಿತ್ತಿ ಕೂತಳು. ಉಗುರು ನೋಡಿಕೊಂಡಿದ್ದ ಹಿರಿಯರಲ್ಲಿ ಇಬ್ಬರು ಬಂದು ಬದುವಿನ ಮೇಲೆ ನಿಂತರು. ಶಾಂತವ್ವ ಅವರನ್ನು ನೋಡಿದ ನೋಟಕ್ಕೆ ನಿಲ್ಲಲಾರದೆ ಕೆಳಗಿಳಿದು ಕೂತರು.

ನಾಲ್ಕನೇ ದಿನ ಪಟೇಲ ತಾನೇ ಬಂದ.

ನಾಲ್ಕು ಜೋಡಿ ಎತ್ತು. ಕಣ್ಣಿಗೆ ಬಟ್ಟೆ ಕಟ್ಟಿಸಿದ್ದ, ಮುಂದೆ ಮನುಷ್ಯರಿರುವುದು ಅವಕ್ಕೆ ಕಾಣಬಾರದು ಅಂತ. ಮೊದಲನೇ ನೇಗಿಲಿನ ಮೇಳಿಯನ್ನು ಅವನೇ ಹಿಡಿದಿದ್ದ. ಮೀಸೆ ನಡುಗುತ್ತಿತ್ತು. ಬಾರುಕೋಲು ಛಟೀರ್ ಅಂತು.

ಹಾಡು ನಿಂತಿತು. ನೆಲ ಅದುರುವುದು ಕೇತಯ್ಯನ ತೊಡೆಗೆ ತಿಳಿಯಿತು. ನೇಗಿಲ ಗುಳ ಮಣ್ಣು ಸೀಳಿಕೊಂಡು ಬರುವ ಸದ್ದು, ಹಸಿ ಮಣ್ಣಿನ ವಾಸನೆ. ಏನಾದರೂ ಮಾತಾಡದಿದ್ದರೆ ಎದ್ದು ಓಡಿಬಿಡುತ್ತೇನೆ ಅನ್ನಿಸಿತು ಅವನಿಗೆ.

“ಅವ್ವಾ...”

“ಏನು?”

“ಇನ್ನೊಂದು ಐನೂರು ವರ್ಷ ಕಳೆದಮೇಲೆ, ನನ್ನಂಥ ಹುಚ್ಚ ಯಾವನಾದರೂ ನಮ್ಮ ಕಾಲವನ್ನೂ ಸುವರ್ಣಯುಗ ಅಂದುಬಿಟ್ಟರೆ?”

ಶಾಂತವ್ವ ಅವನ ಕೈ ಹಿಡಿದುಕೊಂಡಳು. ಹಿಡಿದ ಕೈ ಉರಿಯುವ ಹಾಗೆ ಬಿಗಿಯಾಗಿ ಹಿಡಿದಳು.

“ಅಂದೇ ಅಂತಾರೆ ಕಣೋ. ಎತ್ತು ಬಂತು, ಏಳಬೇಡ.”